ಶಾರ್ಕ್ ಇಲ್ಲದ ಅಕ್ವೇರಿಯಂಗೆ ಪೋಸ್ಟರ್ ಮಾಡುವ ಕೆಲಸ

ಅಕ್ವೇರಿಯಂನಲ್ಲಿ ಕೆಲಸ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, ಮೀನಿಗೆ ಊಟ ಹಾಕ್ತೀರಾ ಅಂತ. ಇಲ್ಲ. ಅದಕ್ಕೆ ಬೇರೆ ಜನ ಇದ್ದಾರೆ, ಅದರ ಓದು ಅನುಭವ ಎರಡೂ ಇರುವವರು. ನನ್ನನ್ನು ಅವರು ಮೀನಿನ ಆಹಾರದ ಕೋಣೆಯೊಳಗೂ ಬಿಡುವುದಿಲ್ಲ. ನಾನು ಮಾಡುವುದು ಪೋಸ್ಟರ್, ಟಿಕೆಟ್, ಟ್ಯಾಂಕ್ ಪಕ್ಕದ ಬೋರ್ಡು, ಸಿಟಿ ಬಸ್ಸಿನ ಹಿಂದಿನ ಜಾಹೀರಾತು, ಇನ್‌ಸ್ಟಾಗ್ರಾಂ ರೀಲ್, ಶಾಲೆಗಳಿಗೆ ಹೋಗುವ ಪತ್ರ, ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬೈದವರಿಗೆ ಉತ್ತರ, ಆಮೇಲೆ 'ಶೌಚಾಲಯ ಈ ಕಡೆ' ಅನ್ನುವ ಬಾಣದ ಗುರುತು. ನಾನು ಮಾಡಿದ್ದರಲ್ಲಿ ಜನ ಅತಿ ಹೆಚ್ಚು ಗಮನವಿಟ್ಟು ಓದುವುದು ಆ ಕೊನೆಯದನ್ನೇ.

ನಮ್ಮದು ಮೈಸೂರಿನ ಅಂಚಿನಲ್ಲಿರುವ ಖಾಸಗಿ ಅಕ್ವೇರಿಯಂ. ಹೆಸರು ಬೇಡ, ಕೆಲಸ ಉಳಿಯಬೇಕು ನೋಡಿ. ನಾನು ಹುಟ್ಟಿದ್ದು ಮಂಡ್ಯದ ಕಡೆ, ಓದಿದ್ದು ಮೈಸೂರಿನ ಕಾವಾ ಅನ್ನುವ ಚಿತ್ರಕಲಾ ಕಾಲೇಜಿನಲ್ಲಿ. ಆಮೇಲೆ ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ಅಪಾರ್ಟ್‌ಮೆಂಟ್ ಜಾಹೀರಾತು ಮಾಡುತ್ತಿದ್ದೆ. ಇನ್ನೂ ಕಟ್ಟಿರದ ಬಾಲ್ಕನಿಯಲ್ಲಿ ಯಾರೋ ಕಾಫಿ ಕುಡಿಯುತ್ತಾ ಅಲ್ಲಿಲ್ಲದ ಕೆರೆ ನೋಡುವಂಥ ಚಿತ್ರಗಳು. ಸಂಬಳ ಚೆನ್ನಾಗಿತ್ತು. ಅಮ್ಮನಿಗೆ ಹುಷಾರಿಲ್ಲದೆ ಊರಿಗೆ ವಾಪಸ್ ಬರಬೇಕಾದಾಗ ಈ ಕೆಲಸ ಸಿಕ್ಕಿತು. ಬೆಂಗಳೂರಿನ ಸಂಬಳಕ್ಕೆ ಹೋಲಿಸಬೇಡಿ, ಹೋಲಿಸಿದರೆ ಬೇಜಾರಾಗುತ್ತದೆ.

ಇಲ್ಲಿ ಬಂದು ಕೂತ ಮೇಲೆ ಗೊತ್ತಾದ ದೊಡ್ಡ ಸಮಸ್ಯೆ ಶಾರ್ಕ್. ಅಂದರೆ, ಇಲ್ಲದ ಶಾರ್ಕ್.

ಟಿಕೆಟ್ ಕೌಂಟರ್ ಹತ್ತಿರ ಅರ್ಧ ಗಂಟೆ ನಿಂತರೆ ಸಾಕು. "ಶಾರ್ಕ್ ಐತಾ ಮೇಡಂ?" "ಇಲ್ಲ ಅಣ್ಣ." "ಡಾಲ್ಫಿನ್ನು?" "ಅದೂ ಇಲ್ಲ." "ಮತ್ತೆ ಇನ್ನೇನೈತೆ?" ಮದ್ದೂರಿಂದಲೋ ಕೆ.ಆರ್. ಪೇಟೆಯಿಂದಲೋ ಮನೆ ಮಂದಿಯನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದ ಯಜಮಾನರು ಹೀಗೆ ಕೇಳಿದಾಗ ಉತ್ತರ ಕೊಡುವುದು ಸುಲಭವಲ್ಲ. ಅವರ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆರು ಜನರ ಟಿಕೆಟ್ ದುಡ್ಡು ಅಂದರೆ ಮನೆಗೆ ಒಂದು ವಾರದ ತರಕಾರಿ.

ಶಾರ್ಕ್ ಯಾಕಿಲ್ಲ ಅಂದರೆ, ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಂದು ಲಕ್ಷ ಲೀಟರ್ ಟ್ಯಾಂಕ್ ಮಾಡಿದರೆ ಬರೀ ಉಪ್ಪೇ ಮೂರೂವರೆ ಟನ್. ಅದೂ ಅಂಗಡಿಯ ಅಡುಗೆ ಉಪ್ಪು ಆಗುವುದಿಲ್ಲ, ಅಕ್ವೇರಿಯಂಗೆ ಅಂತಲೇ ಮಾಡಿದ ಸಮುದ್ರದ ಉಪ್ಪು ಬೇಕು. ಮಂಗಳೂರಿನವರಾದರೆ ಸಮುದ್ರಕ್ಕೇ ಪೈಪ್ ಹಾಕಿ ನೀರು ಎಳೆದುಕೊಳ್ಳುವ ಲೆಕ್ಕ ಹಾಕಬಹುದು, ಮೈಸೂರಿನಲ್ಲಿ ಅದು ಆಗದ ಮಾತು. ನೀರು ಬದಲಿಸಿದಾಗಲೆಲ್ಲ ಉಪ್ಪು ಮತ್ತೆ ಸುರಿಯಬೇಕು. ಹಾಗಾಗಿ ನಮ್ಮಲ್ಲಿರುವ ಸಮುದ್ರದ ಟ್ಯಾಂಕ್‌ಗಳು ಚಿಕ್ಕವು. ಮಕ್ಕಳು ನೀಮೋ ಅಂತ ಕೂಗುವ ಕ್ಲೌನ್ ಮೀನು, ಕಡಲ ಕುದುರೆ, ಇಂಥವು. ದೊಡ್ಡ ಟ್ಯಾಂಕ್‌ಗಳೆಲ್ಲ ಸಿಹಿನೀರಿನವು.

ಆದರೆ ಪೋಸ್ಟರ್ ವಿಷಯ ಬಂದಾಗ ಆಫೀಸಿನಲ್ಲಿ ಎಲ್ಲರಿಗೂ ಶಾರ್ಕೇ ಬೇಕು. "ಸುಮ್ನೆ ಹಿನ್ನೆಲೆಯಲ್ಲಿ ನೆರಳಿನ ಥರ ಹಾಕಿ, ಇದೆ ಅಂತ ಹೇಳೋದು ಬೇಡ" ಅಂದರು ಒಬ್ಬರು. ಇಂಟರ್‌ನೆಟ್‌ನಲ್ಲಿ ಸಿಗುವ ಅಕ್ವೇರಿಯಂ ಚಿತ್ರಗಳೂ ಹಾಗೇ ಇರುತ್ತವೆ, ಜಪಾನಿನ ಒಕಿನಾವಾದ ದೊಡ್ಡ ಟ್ಯಾಂಕ್ ಮುಂದೆ ನಿಂತ ಪುಟ್ಟ ಹುಡುಗಿ, ತಲೆ ಮೇಲೆ ತಿಮಿಂಗಿಲ ಶಾರ್ಕ್. ಆ ಟ್ಯಾಂಕ್‌ನ ಅಕ್ರಿಲಿಕ್ ಗೋಡೆಯೇ 60 ಸೆಂಟಿಮೀಟರ್ ದಪ್ಪ. ಆ ಚಿತ್ರ ನೋಡಿ ಟಿಕೆಟ್ ತೆಗೆದುಕೊಂಡವರು ನಮ್ಮ ಬಾಗಿಲು ದಾಟಿದ ಕೂಡಲೇ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಅವರ ಸಿಟ್ಟು ನೇರವಾಗಿ ಗೂಗಲ್‌ಗೆ ಹೋಗುತ್ತದೆ, ಅಲ್ಲಿಂದ ನನ್ನ ಟೇಬಲ್ಲಿಗೆ ಬರುತ್ತದೆ. ಆದ್ದರಿಂದ ನಾನು ಹಟ ಹಿಡಿದು ಮಾಡಿಸಿದ ನಿಯಮ ಒಂದೇ: ಪೋಸ್ಟರಿನಲ್ಲಿ ಬರುವ ಪ್ರತಿ ಮೀನೂ ನಮ್ಮ ಟ್ಯಾಂಕ್‌ನಲ್ಲಿ ಇರಬೇಕು, ಫೋಟೋ ಇಲ್ಲೇ ತೆಗೆದದ್ದಾಗಿರಬೇಕು.

ಹೇಳುವುದು ಸುಲಭ. ಅಕ್ವೇರಿಯಂನಲ್ಲಿ ಫೋಟೋ ತೆಗೆದು ನೋಡಿ. ಮೊದಲು ನಿಮ್ಮ ಮುಖವೇ ಗಾಜಿನಲ್ಲಿ ಕಾಣುತ್ತದೆ, ಅದಕ್ಕೇ ಕಪ್ಪು ಟೀ ಶರ್ಟ್ ಹಾಕಿಕೊಂಡು, ಕ್ಯಾಮೆರಾ ಸುತ್ತ ಕಪ್ಪು ಬಟ್ಟೆ ಮುಚ್ಚಿ, ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಬೇಕು. ಓರೆಯಾಗಿ ಹಿಡಿದರೆ ಅಕ್ರಿಲಿಕ್ ಮತ್ತು ನೀರು ಸೇರಿ ಬೆಳಕನ್ನು ಬಾಗಿಸಿ ಮೀನಿನ ಅಂಚಿಗೆಲ್ಲ ಬಣ್ಣದ ಗೆರೆ ಬರುತ್ತದೆ, ನೇರವಾಗಿಯೇ ನಿಲ್ಲಬೇಕು. ಫ್ಲ್ಯಾಶ್ ಹಾಕುವ ಹಾಗಿಲ್ಲ, ಮೀನಿಗೆ ರೆಪ್ಪೆಯಿಲ್ಲ, ಕಣ್ಣು ಮುಚ್ಚಿಕೊಳ್ಳಲು ಅದಕ್ಕಾಗುವುದಿಲ್ಲ. ನೀಲಿ ಎಲ್‌ಇಡಿ ಕೆಳಗೆ ಮೊಬೈಲ್ ಕ್ಯಾಮೆರಾ ತಲೆ ಕೆಟ್ಟು ಎಲ್ಲವನ್ನೂ ಒಂದೇ ನೇರಳೆ ಮಾಡಿಬಿಡುತ್ತದೆ, ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ನೀರಿನೊಳಗೆ ಹಿಡಿಸಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ, ಸರಿ ಮಾಡಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ಮೀನು ತಿರುಗಿ ಬಾಲ ತೋರಿಸುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು, ಗಾಜು ಒರೆಸಿದ ಮೇಲೆ ಸಿಗುವ ಸ್ವಲ್ಪ ಹೊತ್ತು ಇದೆಯಲ್ಲ, ಅದು ಬಿಟ್ಟರೆ ಬೇರೆ ಸಮಯ ಇಲ್ಲ. ಆಮೇಲೆ ಬೆರಳಿನ ಗುರುತು, ಮೂಗಿನ ಗುರುತು.

ಹಾಗಾದರೆ ನಮ್ಮಲ್ಲಿ ತೋರಿಸಲು ಏನಿದೆ? ಅರಪೈಮಾ ಇದೆ. ಅಮೆಜಾನ್ ನದಿಯ ಮೀನು, ಎರಡು ಮೀಟರ್ ದಾಟಿ ಬೆಳೆಯುತ್ತದೆ. ಆದರೆ ನೋಡಿದರೆ ಬೂದು ಬಣ್ಣದ ಮರದ ದಿಮ್ಮಿ, ಒಂದೇ ಕಡೆ ತೇಲಿಕೊಂಡಿರುತ್ತದೆ. ಜನ ಬರುತ್ತಾರೆ, "ಅಬ್ಬ ಎಷ್ಟ್ ದಪ್ಪ" ಅನ್ನುತ್ತಾರೆ, ಸೆಲ್ಫಿ, ಮುಂದಕ್ಕೆ. ಅದನ್ನು ನೋಡಿಕೊಳ್ಳುವ ಹುಡುಗ ಒಂದು ದಿನ ಊಟದ ಹೊತ್ತಿನಲ್ಲಿ ಸುಮ್ಮನೆ ಮಾತಿಗೆ ಹೇಳಿದ, ಅಕ್ಕ, ಇದು ಬರೀ ಕಿವಿರಿನಲ್ಲಿ ಉಸಿರಾಡಿದರೆ ಸತ್ತೇ ಹೋಗುತ್ತೆ, ಮೇಲೆ ಬಂದು ಗಾಳಿ ಕುಡಿಯಲೇಬೇಕು ಅಂತ. ಹತ್ತರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತದಂತೆ. ಬರುವಾಗ ಗುಳುಕ್ ಅಂತ ದೊಡ್ಡ ಸದ್ದು.

ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿತು. ಹಳೆಯ ಬೋರ್ಡಿನಲ್ಲಿ ಲ್ಯಾಟಿನ್ ಹೆಸರು, ಖಂಡ, ಉದ್ದ, ತೂಕ, ಆಹಾರ ಎಲ್ಲ ಇತ್ತು, ಓದುವವರು ಯಾರೂ ಇರಲಿಲ್ಲ. ಅದನ್ನು ತೆಗೆಸಿ ದೊಡ್ಡಕ್ಷರದಲ್ಲಿ ಇಷ್ಟೇ ಬರೆದೆ: "ಈ ಮೀನು ಉಸಿರಾಡಲು ಮೇಲೆ ಬರುತ್ತದೆ. ಹತ್ತು ನಿಮಿಷ ಆಗಬಹುದು, ಇಪ್ಪತ್ತೂ ಆಗಬಹುದು. ಕಾಯುತ್ತೀರಾ?" ಎದುರಿಗೆ ಒಂದು ಉದ್ದದ ಬೆಂಚು ಹಾಕಿಸಿದೆ. ಬೆಂಚಿಗಾಗಿ ಆಫೀಸಿನಲ್ಲಿ ಆದ ಚರ್ಚೆ ಬೋರ್ಡಿಗೂ ಆಗಿರಲಿಲ್ಲ, ಜನ ಕೂತುಬಿಟ್ಟರೆ ಕ್ಯೂ ನಿಂತುಹೋಗುತ್ತದೆ ಅನ್ನುವ ಭಯ.

ಜನ ಕೂತರು. ಅಜ್ಜಿಯಂದಿರು ಮೊದಲು, ಕಾಲು ನೋವಿಗೆ. ಆಮೇಲೆ ಮಕ್ಕಳು ಪಂದ್ಯ ಕಟ್ಟುವುದು, ಈಗ ಬರುತ್ತೆ ನೋಡು, ಇಲ್ಲ ಕಣೋ ಇನ್ನೂ ಇಲ್ಲ. ಆ ದಿಮ್ಮಿ ನಿಧಾನಕ್ಕೆ ಓರೆಯಾಗಿ, ಮೂತಿ ಮೇಲೆತ್ತಿ, ನೀರು ಸೀಳಿ ಗುಳುಕ್ ಅಂದಾಗ ಇಡೀ ಹಾಲ್ ಕೂಗುತ್ತದೆ. ಆ ಕೂಗು ಕೇಳಿ ಪಕ್ಕದ ಹಾಲ್‌ನವರೂ ಓಡಿ ಬರುತ್ತಾರೆ, ಅಷ್ಟರಲ್ಲಿ ಮುಗಿದಿರುತ್ತದೆ, ಅವರೂ ಕೂತು ಕಾಯಲು ಶುರು ಮಾಡುತ್ತಾರೆ. ನಮ್ಮ ಹೋರ್ಡಿಂಗ್ ಮೇಲೆ ಈಗ ಇರುವುದು ಆ ಮೂತಿಯೇ. ಶಾರ್ಕ್ ಕೇಳುವವರು ಈಗಲೂ ಕೇಳುತ್ತಾರೆ, ಆದರೆ ಕೌಂಟರ್ ಹುಡುಗಿಗೆ ಹೇಳಲು ಒಂದು ಉತ್ತರವಿದೆ.

ಗಾಜು ತಟ್ಟುವವರದ್ದು ಇನ್ನೊಂದು ಕಥೆ. "ಗಾಜು ತಟ್ಟಬೇಡಿ" ಅಂತ ಬರೆದರೆ ತಟ್ಟಬೇಕು ಅಂತ ನೆನಪು ಮಾಡಿಕೊಟ್ಟ ಹಾಗೆ. ಮೀನಿನ ಮೈ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದಲ್ಲ, ನೀರಿನ ಸಣ್ಣ ಅಲುಗಾಟವೂ ಅದಕ್ಕೆ ಅದರಲ್ಲೇ ಗೊತ್ತಾಗುವುದು. ನಾವು ತಮಾಷೆಗೆ ತಟ್ಟಿದ್ದು ಅದಕ್ಕೆ ಮೈಮೇಲೆ ಬಡಿದ ಹಾಗೆ ಇರಬಹುದು. ಕೊನೆಗೆ ಮಕ್ಕಳ ಎತ್ತರಕ್ಕೆ ಗಾಜಿನ ಮೇಲೆ ಅಂಗೈ ಗುರುತಿನ ಸ್ಟಿಕ್ಕರ್ ಅಂಟಿಸಿ "ಕೈ ಇಲ್ಲಿಟ್ಟು ನಿಲ್ಲು" ಅಂತ ಬರೆದೆವು. ಕೈಗೆ ಒಂದು ಕೆಲಸ ಸಿಕ್ಕಿತು, ತಟ್ಟುವುದು ಕಡಿಮೆಯಾಯಿತು. ದೊಡ್ಡವರು ಮಾತ್ರ ಉಂಗುರದ ಬೆರಳಲ್ಲಿ ಟಕ್ ಟಕ್ ಅನ್ನುವುದು ಬಿಟ್ಟಿಲ್ಲ. ಅವರಿಗೆ ಯಾವ ಸ್ಟಿಕ್ಕರ್ ಮಾಡುವುದೋ ಗೊತ್ತಿಲ್ಲ.

ಡಿಸೈನ್ ಕಲಿಯುತ್ತಿರುವ ಹುಡುಗ ಹುಡುಗಿಯರು ಬಂದು ಇಲ್ಲಿ ಸೇರಲು ಏನು ಬೇಕು ಅಂತ ಕೇಳುತ್ತಾರೆ. ಲೋಗೋ ತುಂಬಿದ ಪೋರ್ಟ್‌ಫೋಲಿಯೋ ತರಬೇಡಿ. ಕನ್ನಡದಲ್ಲಿ ಮಾಡಿದ ಒಂದು ಬೋರ್ಡು ತನ್ನಿ. ಒತ್ತಕ್ಷರ ಸರಿಯಾಗಿ ಕೂತಿದೆಯಾ ನೋಡುತ್ತೇನೆ. ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆ ಆನ್ ಮಾಡದೆ ಕನ್ನಡ ಹಾಕಿದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ಆಗುತ್ತವೆ, ಇಂಗ್ಲಿಷ್ ಮಾತ್ರ ನೋಡುವ ಮ್ಯಾನೇಜರ್‌ಗೆ ಅದು ಕಾಣುವುದೂ ಇಲ್ಲ, ಹಾಗೇ ಪ್ರಿಂಟ್ ಆಗಿ ಗೋಡೆಗೆ ಹತ್ತುತ್ತದೆ. ಪ್ರೆಸ್‌ನವರದ್ದು ಬೇರೆ ಕಥೆ, ಅವರ ಹತ್ತಿರ ಇನ್ನೂ ಹಳೆಯ ನುಡಿ ಫಾಂಟೇ ಇರುವುದು, ಈಗಿನ ಯೂನಿಕೋಡ್ ಅಕ್ಷರದ ಫೈಲ್ ಕಳಿಸಿದರೆ, ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ (ಕರ್ವ್ಸ್) ಬದಲಿಸಿ ಕೊಡಿ ಅಂತ ಫೋನ್ ಬರುತ್ತದೆ: "ಮೇಡಂ, ಕರ್ವ್ಸ್ ಮಾಡಿ ಕಳ್ಸಿ, ಇಲ್ಲಿ ಬರೀ ಬಾಕ್ಸ್ ಕಾಣ್ತಿದೆ." ಗ್ಲಾಸಿ ಲ್ಯಾಮಿನೇಷನ್ ಹಾಕಿಸಿದರೆ ಟ್ಯಾಂಕ್ ಬೆಳಕೆಲ್ಲ ಬೋರ್ಡಿನ ಮೇಲೆ ಕುಣಿಯುತ್ತದೆ, ಒಂದಕ್ಷರವೂ ಓದಲಾಗುವುದಿಲ್ಲ. ಮ್ಯಾಟ್ ಹಾಕಿಸಿ. ಬೋರ್ಡ್ ಎತ್ತರ ಐದನೇ ಕ್ಲಾಸಿನ ಮಗುವಿನ ಕಣ್ಣಿಗೆ ಸರಿಯಾಗಿರಲಿ, ದೊಡ್ಡವರು ಬಗ್ಗಿ ಓದುತ್ತಾರೆ, ಮಕ್ಕಳು ಹಾರಿ ಓದುವುದಿಲ್ಲ. ಇವೆಲ್ಲ ಕಾಲೇಜಿನಲ್ಲಿ ಹೇಳಿಕೊಡುವ ವಿಷಯ ಅಲ್ಲ. ಗೋಡೆ ಮುಂದೆ ನಿಂತು ಕಲಿಯಬೇಕು.

ಇನ್ನು ಮಾರ್ಕೆಟಿಂಗ್. ಮೈಸೂರಿಗೆ ಬರುವ ಪ್ರವಾಸಿಯ ದಿನ ಮೊದಲೇ ತುಂಬಿಹೋಗಿರುತ್ತದೆ. ಬೆಳಿಗ್ಗೆ ಬೆಟ್ಟ, ಆಮೇಲೆ ಝೂ, ಅರಮನೆ, ಸಂಜೆಗೆ ಕೆ.ಆರ್.ಎಸ್ ಕಾರಂಜಿ. ಮೃಗಾಲಯ 1892ರಿಂದ ಇಲ್ಲಿದೆ, ಅದರ ಜೊತೆ ಪೈಪೋಟಿ ಮಾಡುತ್ತೇವೆ ಅನ್ನುವವನಿಗೆ ತಲೆ ಸರಿಯಿಲ್ಲ. ಆದರೆ ಮೃಗಾಲಯಕ್ಕೆ ಮಂಗಳವಾರ ರಜೆ, ಅಲ್ವಾ? ಮಂಗಳವಾರ ಗೊತ್ತಿಲ್ಲದೆ ಬಂದು ಮುಚ್ಚಿದ ಗೇಟಿನ ಮುಂದೆ ಮಕ್ಕಳನ್ನು ಸಮಾಧಾನ ಮಾಡುತ್ತಾ ನಿಂತ ಕುಟುಂಬಗಳು ಎಷ್ಟೋ. ಅವರನ್ನು ಮುಂದೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನಿಸುವುದು ಆಟೋದವರು ಮತ್ತು ಟೆಂಪೋ ಟ್ರಾವೆಲರ್ ಡ್ರೈವರ್‌ಗಳು. ಹಾಗಾಗಿ ನನ್ನ ಅತ್ಯಂತ ಮುಖ್ಯವಾದ ಜಾಹೀರಾತು ಇನ್‌ಸ್ಟಾಗ್ರಾಂನಲ್ಲಿ ಇಲ್ಲ. ಡ್ರೈವರ್‌ಗಳ ಜೇಬಿಗೆ ಹಿಡಿಸುವ ಒಂದು ಕಾರ್ಡಿನಲ್ಲಿದೆ: "ಮಂಗಳವಾರವೂ ತೆರೆದಿದೆ. ಪಾರ್ಕಿಂಗ್ ಇದೆ. ಡ್ರೈವರ್‌ಗಳಿಗೆ ಟೀ ಇದೆ." ಮೂರನೆಯ ಸಾಲನ್ನು ಬಜೆಟ್‌ನಿಂದ ತೆಗೆಯಬೇಕು ಅಂತ ಪ್ರತಿ ವರ್ಷ ಯಾರಾದರೊಬ್ಬರು ಹೇಳುತ್ತಾರೆ. ಅದನ್ನು ತೆಗೆದರೆ ಮೊದಲ ಎರಡು ಸಾಲೂ ಕೆಲಸ ಮಾಡುವುದಿಲ್ಲ.

ಇನ್ನೊಂದು, ಏಪ್ರಿಲ್ ಮೇ ಮಧ್ಯಾಹ್ನದ ಬಿಸಿಲು. ಒಂದರಿಂದ ಮೂರು ಗಂಟೆ ತನಕ ಮೃಗಾಲಯದಲ್ಲಿ ನಡೆಯಲಾಗದೆ ಹೊರಬಂದವರಿಗೆ ನಾವು ಮಾರುವುದು ಮೀನಲ್ಲ, ಎ.ಸಿ. ನಾಚಿಕೆ ಏನಿಲ್ಲ. ಎ.ಸಿ.ಗೆ ಅಂತ ಬಂದವರೂ ಅರಪೈಮಾ ಬೆಂಚಿನ ಮೇಲೆಯೇ ಕೂರುವುದು. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಹೆಗಲ ಮೇಲೆ ಕೈ ಇಟ್ಟುಕೊಂಡು ರೈಲಿನ ಹಾಗೆ ಬರುವ ಮಕ್ಕಳು, ಮೇಷ್ಟ್ರಿಗೆ ಎಲ್ಲರನ್ನೂ ಎಣಿಸುವುದೇ ಚಿಂತೆ. ಆಷಾಢದಲ್ಲಿ ಊರವರೆಲ್ಲ ಶುಕ್ರವಾರ ಬೆಟ್ಟಕ್ಕೆ ಹೋಗುತ್ತಾರೆ, ನಮಗೆ ಗಾಜು ಪಾಲಿಶ್ ಮಾಡಿಸಲು ಒಳ್ಳೆಯ ತಿಂಗಳು. ದಸರಾಕ್ಕೆ ಏನೂ ಮಾಡಬೇಕಿಲ್ಲ. ಬಾಗಿಲು ತೆಗೆದಿದ್ದರೆ ಸಾಕು.

ಹೊರದೇಶದ ಅಕ್ವೇರಿಯಂಗಳ ಕೆಲಸ ನೋಡಿ ಹೊಟ್ಟೆಕಿಚ್ಚು ಪಡುವುದು ನನ್ನ ಅಭ್ಯಾಸ. 2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿದಾಗ ಶಿಕಾಗೋದ ಶೆಡ್ ಅಕ್ವೇರಿಯಂನವರು ಪೆಂಗ್ವಿನ್‌ಗಳನ್ನು ಖಾಲಿ ಹಾಲ್‌ಗಳಲ್ಲಿ ಸುತ್ತಾಡಲು ಬಿಟ್ಟರು. ವೆಲ್ಲಿಂಗ್ಟನ್ ಅನ್ನುವ ಪೆಂಗ್ವಿನ್ ಮೀನಿನ ಟ್ಯಾಂಕ್ ಮುಂದೆ ನಿಂತು ನೋಡುತ್ತಿದ್ದ ವಿಡಿಯೋ ಲೋಕವೆಲ್ಲ ಸುತ್ತಿತು. ಅದಕ್ಕಿಂತ ನನಗೆ ಇಷ್ಟವಾದದ್ದು ಟೋಕಿಯೋದ ಸುಮಿದಾ ಅಕ್ವೇರಿಯಂನದು. ಅಲ್ಲಿ ಮರಳಿನಿಂದ ಕತ್ತು ಹೊರಹಾಕಿ ನಿಲ್ಲುವ ಗಾರ್ಡನ್ ಈಲ್ ಅನ್ನುವ ಹಾವಿನಂಥ ಮೀನುಗಳಿವೆ, ಸುಮಾರು 300. ಜನ ಬರುವುದು ನಿಂತ ಮೇಲೆ ಅವಕ್ಕೆ ಮನುಷ್ಯರ ಅಭ್ಯಾಸ ತಪ್ಪಿಹೋಗಿ, ಸಿಬ್ಬಂದಿ ಹತ್ತಿರ ಹೋದರೆ ಮರಳಿನೊಳಗೆ ಅಡಗಿಕೊಳ್ಳಲು ಶುರು ಮಾಡಿದವು. ಆರೋಗ್ಯ ನೋಡುವುದಕ್ಕೇ ಆಗದ ಪರಿಸ್ಥಿತಿ. ಆಗ ಮೇ ತಿಂಗಳಲ್ಲಿ ಟ್ಯಾಂಕ್ ಎದುರು ಟ್ಯಾಬ್ಲೆಟ್‌ಗಳನ್ನು ಇಟ್ಟು, ದಯವಿಟ್ಟು ವಿಡಿಯೋ ಕಾಲ್ ಮಾಡಿ ನಿಮ್ಮ ಮುಖ ತೋರಿಸಿ, ಜೋರಾಗಿ ಕೂಗಬೇಡಿ ಅಂತ ಜನರನ್ನು ಕೇಳಿಕೊಂಡರು. ಎಂಥ ಜಾಹೀರಾತು! ಒಂದು ಸುಳ್ಳಿಲ್ಲ. ಮೀನಿಗೆ ನಿಜವಾಗಿ ಬೇಕಿದ್ದದ್ದನ್ನೇ ಜನರ ಹತ್ತಿರ ಕೇಳಿದರು. ನಮ್ಮೂರಿನ ಮೃಗಾಲಯದ ಪ್ರಾಣಿ ದತ್ತು ಯೋಜನೆಯೂ (ಪ್ರಾಣಿಯ ಊಟದ ಖರ್ಚು ಜನ ಕೊಡುವುದು) ಇದೇ ಜಾತಿಯದು. 2021ರಲ್ಲಿ ಸಿನಿಮಾ ನಟರೊಬ್ಬರು ಮನವಿ ಮಾಡಿದಾಗ ಜನ ಮುಗಿಬಿದ್ದು ದತ್ತು ತೆಗೆದುಕೊಂಡರಲ್ಲ.

ನಮ್ಮಲ್ಲಿ ಜನ ಅತಿ ಹೆಚ್ಚು ನಗುವ ಟ್ಯಾಂಕ್ ಜಿಲೇಬಿ ಮೀನಿನದು. ಮಂಡ್ಯ ಕಡೆಯವರು ಬಂದರಂತೂ ಮುಗಿಯಿತು. "ಇದ್ನ ನೋಡಕ್ಕೆ ದುಡ್ಡು ಕೊಟ್ವೇನ್ಲಾ, ನಮ್ಮ ಕೆರೇಲಿ ಬುಟ್ಟಿಗಟ್ಲೆ ಸಿಕ್ತವೆ." ಸರಿ, ನಗಲಿ ಅಂತಲೇ ಬೋರ್ಡು ಬರೆದೆ: "ಇದು ನಿಮ್ಮೂರ ಮೀನಲ್ಲ. ಆಫ್ರಿಕಾದ್ದು. ಭಾರತಕ್ಕೆ ಬಂದಿದ್ದು 1952ರಲ್ಲಿ. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ." ಒಂದು ಸಲ ಮರಿಗಳಿದ್ದ ಸಮಯ. ವಯಸ್ಸಾದ ಹೆಂಗಸೊಬ್ಬರು ಮೊಮ್ಮಗಳ ಕೈಲಿ ಬೋರ್ಡ್ ಓದಿಸಿಕೊಂಡು, ಸೊಸೆಯನ್ನು ಕರೆದು, "ನೋಡವ್ವ, ಬಾಯಲ್ಲಿ ಮಕ್ಕಳ್ ಮಡಿಕೊಂಡು ಊಟನೂ ಬುಟ್ಟು ಕಾಯ್ತದಂತೆ. ನಾವು ಹುಳಿಗೆ ಹಾಕಂಡು ತಿಂತಿದ್ವಿ" ಅಂದರು. ಸ್ವಲ್ಪ ಹೊತ್ತು ನೋಡಿ, "ತಿನ್ನೋದು ತಿನ್ನದೇ ಬುಡು" ಅಂತಲೂ ಸೇರಿಸಿದರು. ಬೋರ್ಡಿನಲ್ಲಿ ಇರದ ಮಾತು, ಊಟ ಬಿಡುವ ವಿಷಯ, ಅದು ನಿಜ. ಬಾಯಲ್ಲಿ ಮೊಟ್ಟೆ ಇರುವಾಗ ಅದು ಹೆಚ್ಚು ಕಡಿಮೆ ಏನೂ ತಿನ್ನುವುದಿಲ್ಲ. ಅವರಿಗೆ ಹೇಗೆ ಹೊಳೆಯಿತೋ.

ಮೀನು ಸಾಯುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಸತ್ತ ಮೀನನ್ನು ಯಾರೋ ವಿಡಿಯೋ ಮಾಡಿ ಹಾಕಿದಾಗ ಆಫೀಸಿನ ಮೊದಲ ಮಾತು, ಕಾಮೆಂಟ್ ಡಿಲೀಟ್ ಮಾಡಿ. ನಾನು ಡಿಲೀಟ್ ಮಾಡುವುದಿಲ್ಲ. ಕೀಪರ್ ಹತ್ತಿರ ಹೋಗಿ ವಯಸ್ಸೆಷ್ಟಿತ್ತು, ಏನಾಗಿತ್ತು ಕೇಳಿ ಎರಡೇ ಸಾಲು ಬರೆಯುತ್ತೇನೆ. ಬೈಯುವವರು ಬೈಯುತ್ತಾರೆ.

ಈಗ ನನ್ನ ತಲೆ ತಿನ್ನುತ್ತಿರುವುದು ಗಿಫ್ಟ್ ಶಾಪಿನ ಗಾಜಿನ ಬೌಲ್. ಹೊರಗೆ ಹೋಗುವ ದಾರಿಯಲ್ಲೇ ಅದು, ಗುಂಡನೆಯ ಬೌಲ್, ಒಳಗೆ ಒಂದು ಗೋಲ್ಡ್ ಫಿಶ್, ಮಕ್ಕಳು ಅತ್ತು ಕೊಡಿಸಿಕೊಳ್ಳುತ್ತಾರೆ. ಒಳಗೆಲ್ಲ ಮೀನಿಗೆ ಜಾಗ ಬೇಕು, ಶುದ್ಧ ನೀರು ಬೇಕು ಅಂತ ನಾನು ಬೋರ್ಡ್ ಬರೆದಿದ್ದೇನೆ, ಹೊರಗೆ ಅದಕ್ಕೆ ಪೂರ್ತಿ ಉಲ್ಟಾ ಮಾರುತ್ತಿದ್ದೇವೆ. ಸರಿಯಾಗಿ ಸಾಕಿದರೆ ಗೋಲ್ಡ್ ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನು, ಸಾಮಾನ್ಯ ಜಾತಿಯದು ಒಂದಡಿ ತನಕ ಬೆಳೆಯಬಲ್ಲದು. ಬೌಲಿನಲ್ಲಿ ವಾರಗಟ್ಟಲೆ ಉಳಿದರೆ ಹೆಚ್ಚು. ಉಳಿದು ದೊಡ್ಡದಾದರೆ ಇನ್ನೂ ತೊಂದರೆ, ಪಾಪ ಅಂತ ತೆಗೆದುಕೊಂಡು ಹೋಗಿ ಹತ್ತಿರದ ಕೆರೆಗೆ ಬಿಟ್ಟುಬಿಡುತ್ತಾರೆ, ಪುಣ್ಯ ಬಂತು ಅಂದುಕೊಳ್ಳುತ್ತಾರೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ನಮ್ಮ ದೇಶದ ಕೆರೆ ಹೊಳೆಗಳಿಗೆಲ್ಲ ಹೋಗಿ ಸೇರಿದ್ದು ಹೀಗೇ. 2018ರ ಪ್ರವಾಹದ ನಂತರ ಕೇರಳದ ಚಾಲಕ್ಕುಡಿ ಹೊಳೆಯಲ್ಲಿ ಅರಪೈಮಾನೇ ಬಲೆಗೆ ಬಿತ್ತು, ಯಾರೋ ಸಾಕಿದ್ದು ಕೊಚ್ಚಿಕೊಂಡು ಬಂದದ್ದು. ಕಾವೇರಿಯ ಬಿಳಿ ಮೀನು ಅಂತ ನಾವು ಕರೆಯುವ ಮಹಶೀರ್ ಬೇರೆ ಯಾವ ನದಿಯಲ್ಲೂ ಸಿಗದ ಜಾತಿ, 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿದ್ದಾರೆ. ಅದರ ಮನೆಗೆ ಹೊರಗಿನ ಮೀನು ತಂದು ಬಿಡುವುದು ಯಾವ ಪುಣ್ಯ?

ಅಮೆರಿಕದ ಮಾಂಟೆರೇ ಬೇ ಅಕ್ವೇರಿಯಂನವರು 1999ರಲ್ಲಿ ಯಾವ ಮೀನು ತಿನ್ನಬಹುದು, ಯಾವುದು ಬೇಡ ಅಂತ ಹಸಿರು, ಹಳದಿ, ಕೆಂಪು ಬಣ್ಣದ ಜೇಬಿನ ಕಾರ್ಡ್ ಶುರು ಮಾಡಿದ್ದರು. ಅದೇ ಅಳತೆಯಲ್ಲಿ ನಾನೂ ಒಂದು ಮಾಡಿದ್ದೇನೆ. "ಸಾಕಿದ ಮೀನನ್ನು ಕೆರೆಗೆ ಬಿಡಬೇಡಿ, ನಮಗೇ ವಾಪಸ್ ಕೊಡಿ" ಅನ್ನುವ ಸಾಲು, ಕೆಳಗೆ ನಮ್ಮ ಫೋನ್ ನಂಬರ್. ವಾಪಸ್ ಬಂದ ಮೀನುಗಳನ್ನೆಲ್ಲ ಎಲ್ಲಿಡುವುದು ಅಂತ ಕೀಪರ್‌ಗಳು ಕೇಳಿದರು, ನ್ಯಾಯವಾದ ಪ್ರಶ್ನೆ, ಹಿಂದಿನ ಕ್ವಾರಂಟೈನ್ ಕೋಣೆಯಲ್ಲಿ ಒಂದು ಟ್ಯಾಂಕ್ ಖಾಲಿ ಮಾಡಿಕೊಡಲು ಕೊನೆಗೆ ಒಪ್ಪಿದರು. ಬೌಲ್ ಮಾರುವುದನ್ನೇ ನಿಲ್ಲಿಸಿ ಅನ್ನುವುದು ನನ್ನ ವಾದ. ಬೌಲಿನ ಜೊತೆ ಕಾರ್ಡ್ ಕೊಡೋಣ ಅನ್ನುವುದು ಆಫೀಸಿನವರದು, ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಅಕೌಂಟ್ಸ್‌ನವರದು. ಸದ್ಯಕ್ಕೆ ಕಾರ್ಡ್ ಪ್ರೆಸ್‌ನಲ್ಲಿದೆ, ಬೌಲ್ ಕೌಂಟರ್ ಮೇಲೆಯೇ ಇದೆ, ಮುಂದಿನ ಮೀಟಿಂಗ್ ಆಷಾಢ ಕಳೆದ ಮೇಲಂತೆ.